ಮೆಕೇ ಅವರ ಡೈನೋಸಾರ್, ನನ್ನ ಆನೆ

ಅಭ್ಯಾಸ ಬೋಧನೆಯ ಮೂರನೆಯ ವಾರ. ಒಂಬತ್ತನೆಯ ತರಗತಿಗೆ ಗುರುತ್ವದ ಪಾಠ. ಪೀಠಿಕೆಗೆಂದು ಹಳೆಯ ನೋಟ್‌ಬುಕ್ಕಿನ ಅಂಚಿನಲ್ಲಿ, ಹಾಳೆಗೊಂದರಂತೆ, ನಡೆಯುವ ಆನೆಯ ಚಿತ್ರಗಳನ್ನು ಬರೆದುಕೊಂಡು ಹೋಗಿದ್ದೆ. ಹಾಳೆಗಳನ್ನು ಸರಸರನೆ ಬಿಟ್ಟಾಗ ಆನೆ ಇಲಿಯಂತೆ ಓಡಿತು. ಮಕ್ಕಳು ನಕ್ಕರು. ಪಾಠ ವೀಕ್ಷಿಸುತ್ತಿದ್ದ ಉಪನ್ಯಾಸಕರು ಆನೆಗೆ ತೂಕವೇ ಇಲ್ಲವೆಂದು ಷರಾ ಬರೆದರು.

ಆ ತೂಕವನ್ನು ಹುಡುಕುತ್ತ ಹೋದಾಗ ಸಿಕ್ಕವರು ವಿನ್ಸರ್ ಮೆಕೇ. ಅಮೆರಿಕದ ಮಿಷಿಗನ್‌ನಲ್ಲಿ ಬೆಳೆದವರು. ತಂದೆ ವಾಣಿಜ್ಯ ಕಲಿಯಲೆಂದು ಇಪ್ಸಿಲಾಂಟಿಗೆ ಕಳುಹಿಸಿದರೆ, ಹುಡುಗ ತರಗತಿ ತಪ್ಪಿಸಿ ಡೆಟ್ರಾಯಿಟ್‌ನಲ್ಲಿ ಜನರ ಮುಖಚಿತ್ರ ಬರೆದು ಕಾಸು ಸಂಪಾದಿಸುತ್ತಿದ್ದ. ಇಪ್ಸಿಲಾಂಟಿಯ ಶಿಕ್ಷಕ ತರಬೇತಿ ಸಂಸ್ಥೆಯ ಅಧ್ಯಾಪಕ ಜಾನ್ ಗುಡಿಸನ್ ಅವನಿಗೆ ದೂರ ಹತ್ತಿರಗಳನ್ನು ಹಾಳೆಯ ಮೇಲೆ ತೋರಿಸುವ ಕ್ರಮವನ್ನು ಕಲಿಸಿದರು. ನಮ್ಮಂಥದೇ ಸಂಸ್ಥೆಯವರು ಎಂದು ಓದಿ ನನಗೆ ಒಳಗೊಳಗೇ ಹೆಮ್ಮೆಯಾಯಿತು.

1905ರಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯಲ್ಲಿ ‘ಲಿಟಲ್ ನೀಮೋ’ ಚಿತ್ರಕಥೆ ಆರಂಭಿಸಿ ಮೆಕೇ ಹೆಸರಾದರು. ರಂಗದ ಮೇಲೆ ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ಸರಸರ ಚಿತ್ರ ಬರೆದು ಜನರನ್ನು ರಂಜಿಸುತ್ತಿದ್ದರು. 1914ರಲ್ಲಿ ಅದೇ ರಂಗಕ್ಕೆ ‘ಗರ್ಟಿ’ ಎಂಬ ಡೈನೋಸಾರ್ ಬಂತು. ಸಾವಿರಾರು ಹಾಳೆಗಳು, ಪ್ರತಿ ಹಾಳೆಯಲ್ಲೂ ಬೆಟ್ಟ ಬಂಡೆಗಳನ್ನು ಮತ್ತೆ ಬರೆಯಬೇಕು. ಆ ಕೆಲಸಕ್ಕೆ ಒಬ್ಬ ಸಹಾಯಕ. ಗರ್ಟಿ ಅವಸರಪಡುವುದಿಲ್ಲ. ದೇಹವನ್ನು ಒಂದು ಬದಿಗೆ ವಾಲಿಸಿ, ಆಮೇಲೆ ಕಾಲೆತ್ತುತ್ತಾಳೆ. ಅವಳ ಉಸಿರಾಟದ ಲೆಕ್ಕಕ್ಕೆ ಮೆಕೇ ತಮ್ಮ ಉಸಿರನ್ನೇ ಗಡಿಯಾರ ಹಿಡಿದು ಅಳೆದರಂತೆ.

ಇಲ್ಲಿ ನನ್ನ ಪಾಠವೂ ಇತ್ತು. ಗುರುತ್ವ ವೇಗೋತ್ಕರ್ಷ ಇಲಿಗೂ ಆನೆಗೂ ಒಂದೇ. 5 ಸೆಂ.ಮೀ. ಬೀಳಲು ಸುಮಾರು 0.1 ಸೆಕೆಂಡು, 5 ಮೀಟರ್ ಬೀಳಲು ಸುಮಾರು 1 ಸೆಕೆಂಡು. ಸೆಕೆಂಡಿಗೆ 24 ಚಿತ್ರಗಳಾದರೆ ಮೊದಲನೆಯದಕ್ಕೆ ಎರಡು ಮೂರು ಸಾಕು, ಎರಡನೆಯದಕ್ಕೆ 24 ಬೇಕು. ನಾನು ಆನೆಯ ಹೆಜ್ಜೆಗೆ ನಾಲ್ಕೇ ಹಾಳೆ ಕೊಟ್ಟಿದ್ದೆ!

1918ರಲ್ಲಿ ಮೆಕೇ ಲುಸಿಟಾನಿಯಾ ಹಡಗು ಮುಳುಗಿದ್ದನ್ನು ಚಿತ್ರಿಸಿದರು. ಅದಕ್ಕೆ ಸುಮಾರು 25,000 ಚಿತ್ರಗಳು. ಬಳಿಕ ಪತ್ರಿಕೆಯ ವ್ಯಂಗ್ಯಚಿತ್ರಗಳಲ್ಲೇ ಅವರ ದಿನಗಳು ಕಳೆದವು. ನನಗಿದು ನಷ್ಟವೆಂದೇ ಅನಿಸುತ್ತದೆ. 1934ರಲ್ಲಿ ತೀರಿಕೊಂಡರು.

ಮುಂದಿನ ಅವಧಿಯಲ್ಲಿ ಹಾಳೆಗಳನ್ನು ಮಕ್ಕಳ ಕೈಗೇ ಕೊಟ್ಟೆ. ಮೂರನೆಯ ಬೆಂಚಿನ ಹುಡುಗಿ ಕಾಲು ಗಾಳಿಯಲ್ಲಿರುವ ಕಡೆ ಹತ್ತು ಹಾಳೆ ಹೆಚ್ಚು ಸೇರಿಸಿದಳು. ಈ ಸಲ ಆನೆ ಕಾಲೂರಿದಾಗ ಯಾರೂ ನಗಲಿಲ್ಲ.