ಗೌರಿಗೆ ಸಿಗದ ಗಾಡಿ

ನಾನು ಎಂಟನೇ ತರಗತಿಯಲ್ಲಿದ್ದಾಗ ನಮ್ಮ ಹಸು ಗೌರಿ ಕರು ಹಾಕಲಾಗದೆ ಒದ್ದಾಡಿತು. ಪಶು ಆಸ್ಪತ್ರೆ ದೂರ. ಅಪ್ಪ ಟೆಂಪೊ ಹೊಂದಿಸಿಕೊಂಡು ಬರುವಷ್ಟರಲ್ಲಿ ಅದರ ಉಸಿರು ನಿಂತಿತ್ತು. ಮಾರಿಯಾ ಡಿಕಿನ್ ಅವರ ಬಗ್ಗೆ ಓದಿದಾಗ ನನಗೆ ನೆನಪಾದದ್ದು ಆ ರಾತ್ರಿ.

ಮಾರಿಯಾ ಹುಟ್ಟಿದ್ದು 1870ರಲ್ಲಿ, ಲಂಡನ್ನಿನಲ್ಲಿ. ತಂದೆ ಪಾದ್ರಿ, ಎಂಟು ಮಕ್ಕಳಲ್ಲಿ ಈಕೆಯೇ ಹಿರಿಯರು. ಪೂರ್ವ ಲಂಡನ್ನಿನ ಬಡವರ ಕೇರಿಗಳಲ್ಲಿ ಗಾಯಗೊಂಡ, ರೋಗ ಹಿಡಿದ ಪ್ರಾಣಿಗಳನ್ನು ಕಂಡರು. ಸಾಕಿದವರಿಗೆ ಅವುಗಳ ಮೇಲೆ ಪ್ರೀತಿಯಿತ್ತು, ವೈದ್ಯರಿಗೆ ಕೊಡಲು ಕಾಸಿರಲಿಲ್ಲ. ಮೊದಲ ಮಹಾಯುದ್ಧದ ನಡುವೆಯೇ, 1917ರ ನವೆಂಬರ್‌ನಲ್ಲಿ ವೈಟ್‌ಚಾಪೆಲ್‌ನ ನೆಲಮಾಳಿಗೆಯೊಂದರಲ್ಲಿ ಉಚಿತ ಚಿಕಿತ್ಸಾಲಯ ತೆರೆದರು. ಜನ ಮುಗಿಬಿದ್ದರು. ಅದೇ ಮುಂದೆ ಪಿಡಿಎಸ್‌ಎ ಎಂಬ ದೊಡ್ಡ ಸಂಸ್ಥೆಯಾಯಿತು.

ಬರಲಾಗದವರ ಬಳಿಗೆ ತಾವೇ ಹೋಗಬೇಕೆಂದು ಕುದುರೆ ಗಾಡಿಯನ್ನೇ ಚಿಕಿತ್ಸಾಲಯ ಮಾಡಿದರು. ಆಮೇಲೆ ಮೋಟಾರು ಗಾಡಿಗಳೂ ಬಂದವು. ಎಲ್ಲಕ್ಕೂ ಜನರ ದೇಣಿಗೆಯೇ ಆಧಾರ. ತರಬೇತಿ ಇಲ್ಲದವರು ಮದ್ದು ಕೊಡುವುದೇ ಎಂದು ಪಶುವೈದ್ಯರು ವಿರೋಧಿಸಿದರು. ಆ ಆಕ್ಷೇಪದಲ್ಲೂ ಅರ್ಥವಿತ್ತು, ಆದರೆ ಬಡವರಿಗೆ ಬೇರೆ ದಾರಿಯಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅವರ ಸಂಸ್ಥೆಯ ತಂಡಗಳು ಬಾಂಬ್ ಬಿದ್ದ ಮನೆಗಳ ಅವಶೇಷದಡಿಯಿಂದ ಸಾಕುಪ್ರಾಣಿಗಳನ್ನು ಹೊರತೆಗೆದವು. ಯುದ್ಧದಲ್ಲಿ ದುಡಿದ ಪ್ರಾಣಿಗಳಿಗಾಗಿ 1943ರಲ್ಲಿ ಅವರು ಆರಂಭಿಸಿದ ಡಿಕಿನ್ ಪದಕ ಇಂದಿಗೂ ಇದೆ. 1951ರಲ್ಲಿ ಅವರು ತೀರಿಕೊಂಡರು.

ಈಗ 1962ಕ್ಕೆ ಕರೆ ಮಾಡಿದರೆ ನಮ್ಮೂರಿಗೂ ಪಶು ಆಂಬುಲೆನ್ಸ್ ಬರುತ್ತದೆ. ಆದರೆ ಗಾಡಿ ಕೊಂಡರಷ್ಟೇ ಸಾಲದು. ಡೀಸೆಲ್, ಔಷಧಿ, ವೈದ್ಯರ ಸಂಬಳಕ್ಕೆ ವರ್ಷವರ್ಷವೂ ಹಣ ಬೇಕು. ಅದು ನಿಂತರೆ ಗಾಡಿಯೂ ನಿಲ್ಲುತ್ತದೆ. ನಮ್ಮ ಕೊಟ್ಟಿಗೆಯ ಗೋಡೆಯ ಮೇಲೆ ಅಪ್ಪ ಇದ್ದಿಲಿನಲ್ಲಿ ಆ ಸಂಖ್ಯೆಯನ್ನು ದೊಡ್ಡದಾಗಿ ಬರೆದಿದ್ದಾರೆ, ಗೌರಿಯನ್ನು ಕಟ್ಟುತ್ತಿದ್ದ ಗೂಟದ ಎದುರಿಗೇ.