ತೋಟಗಾರಿಕೆಯ ಪಿತಾಮಹ ಡಾ. ಎಂ.ಎಚ್. ಮರೀಗೌಡ

ಕರ್ನಾಟಕದ ತೋಟಗಾರಿಕೆಯ ಪಿತಾಮಹರೆಂದು ಖ್ಯಾತರಾದ ಡಾ. ಎಂ.ಎಚ್. ಮರೀಗೌಡರು ಮೈಸೂರು ಜಿಲ್ಲೆ ಟಿ. ನರಸೀಪುರ ತಾಲ್ಲೂಕಿನ ಬನ್ನೂರು ಭಾಗದವರು. ದಿನಾಂಕ 8-8-1916ರಂದು ಜನಿಸಿದ ಇವರು, ಅರಮನೆ ಹಾಗೂ ಸ್ಥಿತಿವಂತರ ಉದ್ಯಾನಗಳಿಗೆ ಬಹುಮಟ್ಟಿಗೆ ಸೀಮಿತವಾಗಿದ್ದ ವಿದ್ಯೆಯನ್ನು ಸಾಮಾನ್ಯ ರೈತರ ಜಮೀನಿಗೆ ತಲುಪಿಸಲು ತಮ್ಮ ಸೇವಾವಧಿಯನ್ನು ಮುಡಿಪಾಗಿಟ್ಟರು.

ಲಾಲ್‌ಬಾಗ್ ಸೇವೆ

ಹೈದರ್ ಅಲಿಯ ಕಾಲದಲ್ಲಿ ಆರಂಭವಾಗಿ, ಕೃಂಬಿಗಲ್ ಮತ್ತು ಎಚ್.ಸಿ. ಜವರಾಯ ಅವರ ಆಡಳಿತದಲ್ಲಿ ಬೆಳೆದ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಮರೀಗೌಡರು 1942ರಲ್ಲಿ ಸೇವೆಗೆ ಸೇರಿದರು. ತದನಂತರ ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಲ್ಲಿ ತರಬೇತಿ ಹೊಂದಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ ಪಡೆದರು. 1951ರಲ್ಲಿ ಲಾಲ್‌ಬಾಗ್‌ನ ಸೂಪರಿಂಟೆಂಡೆಂಟ್ ಹುದ್ದೆಯನ್ನು ವಹಿಸಿಕೊಂಡರು. 1963ರಲ್ಲಿ ತೋಟಗಾರಿಕೆಯು ಪ್ರತ್ಯೇಕ ಇಲಾಖೆಯಾದಾಗ ಅದರ ಪ್ರಥಮ ನಿರ್ದೇಶಕರಾಗಿ 1974ರವರೆಗೆ ಕಾರ್ಯನಿರ್ವಹಿಸಿದರು.

ಕ್ಷೇತ್ರಗಳು ಮತ್ತು ಸಸ್ಯಾಗಾರಗಳು

ರಾಗಿ, ಜೋಳದಂತಹ ಬೆಳೆಯಲ್ಲಿ ಬೀಜ ಕೆಟ್ಟರೆ ಒಂದು ಹಂಗಾಮಿನ ನಷ್ಟವಾಗುತ್ತದೆ. ಆದರೆ ಮಾವು, ಸಪೋಟ, ತೆಂಗು ಮುಂತಾದ ಬೆಳೆಗಳಲ್ಲಿ ಸಸಿಯು ಕಳಪೆಯೆಂಬುದು ಹಲವು ವರ್ಷ ನೀರು ಗೊಬ್ಬರ ಹಾಕಿದ ನಂತರವೇ ತಿಳಿಯುತ್ತದೆ. ಸಣ್ಣ ಹಿಡುವಳಿದಾರನಿಗೆ ಈ ನಷ್ಟವನ್ನು ಭರಿಸುವ ಶಕ್ತಿ ಇರುವುದಿಲ್ಲ. ಆದ್ದರಿಂದ ನಂಬಿಕೆಗೆ ಅರ್ಹವಾದ ಸಸಿಯನ್ನು ರೈತರಿಗೆ ಅವರ ಸಮೀಪದಲ್ಲಿಯೇ ಒದಗಿಸುವುದು ಸರ್ಕಾರದ ಹೊಣೆಯೆಂಬ ನಿಲುವಿನಿಂದ, ಮರೀಗೌಡರು ರಾಜ್ಯಾದ್ಯಂತ ಮುನ್ನೂರಕ್ಕೂ ಹೆಚ್ಚು ತೋಟಗಾರಿಕೆ ಕ್ಷೇತ್ರ ಹಾಗೂ ಸಸ್ಯಾಗಾರಗಳನ್ನು ಸ್ಥಾಪಿಸಿದರು. ಉತ್ತಮ ತಾಯಿಮರಗಳನ್ನು ಬೆಳೆಸಿ ಅವುಗಳಿಂದ ಕಸಿ ಗಿಡಗಳನ್ನು ತಯಾರಿಸುವುದು, ಮಳೆಯಾಶ್ರಿತ ಭೂಮಿಯಲ್ಲಿಯೂ ಹಣ್ಣಿನ ಬೆಳೆ ಸಾಧ್ಯವೆಂದು ತೋರಿಸುವುದು ಇವುಗಳ ಉದ್ದೇಶವಾಗಿತ್ತು.

ಈ ನಿಲುವಿನ ಮಹತ್ವವನ್ನು ನೆರೆಯ ನಂಜನಗೂಡು ತಾಲ್ಲೂಕಿನ ಪ್ರಸಿದ್ಧ ರಸಬಾಳೆಯಿಂದ ತಿಳಿಯಬಹುದು. ಪನಾಮ ಸೊರಗು ರೋಗಕ್ಕೆ ತುತ್ತಾಗಿ ಈ ತಳಿಯ ವಿಸ್ತೀರ್ಣವು ತೀವ್ರವಾಗಿ ಕುಸಿಯಿತು. ರೋಗಾಣುವು ಮಣ್ಣಿನಲ್ಲಿ ಬಹುಕಾಲ ಉಳಿಯುವುದಲ್ಲದೆ, ರೋಗಪೀಡಿತ ತೋಟದಿಂದ ತಂದ ಕಂದುಗಳ ಮೂಲಕ ಹೊಸ ಜಮೀನಿಗೂ ಹರಡುತ್ತದೆ. ಆದುದರಿಂದ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಈ ಬಾಳೆಯ ಪುನಶ್ಚೇತನಕ್ಕೆ ರೋಗರಹಿತ ಸಸಿಗಳ ಪೂರೈಕೆಯು ಅತ್ಯವಶ್ಯಕ.

ಮಾರುಕಟ್ಟೆ ವ್ಯವಸ್ಥೆ

ಬೇಗನೆ ಕೆಡುವ ಹಣ್ಣನ್ನು ಬೆಳೆದವನು ಒಳ್ಳೆಯ ಬೆಲೆಗಾಗಿ ಕಾಯಲಾರನು. ಈ ಕಾರಣ, ಬೆಳೆಗಾರರು ಮಧ್ಯವರ್ತಿಗಳನ್ನೇ ಅವಲಂಬಿಸುವುದು ತಪ್ಪಬೇಕೆಂದು ಮರೀಗೌಡರ ಪ್ರೇರಣೆಯಿಂದ 1959ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವು ಸ್ಥಾಪನೆಯಾಯಿತು. ಮುಂದೆ ಇತರ ಹಣ್ಣು ಹಾಗೂ ತರಕಾರಿಗಳ ಮಾರಾಟಕ್ಕೂ ವಿಸ್ತರಿಸಿದ ಸದರಿ ಸಂಘವೇ ಇಂದು ಹಾಪ್‌ಕಾಮ್ಸ್ ಎಂದು ಮನೆಮಾತಾಗಿದೆ.

ಸ್ಮರಣೆ

ಬೆಂಗಳೂರಿನಲ್ಲಿ ಇವರ ಹೆಸರಿನ ರಸ್ತೆ ಹಾಗೂ ಲಾಲ್‌ಬಾಗ್‌ನಲ್ಲಿ ಸ್ಮಾರಕ ಭವನಗಳಿವೆ. ಆದರೂ ಹಳ್ಳಿಯ ರೈತನೊಬ್ಬನು ಸರ್ಕಾರಿ ಸಸ್ಯಾಗಾರದಿಂದ ನಿಗದಿತ ದರದಲ್ಲಿ ಕಸಿ ಗಿಡ ಕೊಂಡು, ತನ್ನ ಮಕ್ಕಳ ಕಾಲಕ್ಕೂ ಫಲ ದೊರೆಯುವುದೆಂಬ ಭರವಸೆಯಿಂದ ನೆಡುವುದೇ ಇವರ ನಿಜವಾದ ಸ್ಮಾರಕ. ಸಸಿಗಳ ಅವಶ್ಯಕತೆಯುಳ್ಳ ರೈತ ಬಾಂಧವರು ಆಯಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯಲ್ಲಿ ವಿಚಾರಿಸಬಹುದಾಗಿದೆ.