ಎರಡೂ ಕಲಿತ ಭಾಷೆಗಳೇ: ಕಿಟೆಲ್ ಕಥೆ

ಕನ್ನಡ–ಇಂಗ್ಲಿಷ್ ನಿಘಂಟು ಅಂದ ಕೂಡಲೇ ನೆನಪಾಗುವ ಹೆಸರು ಫರ್ಡಿನೆಂಡ್ ಕಿಟೆಲ್. ಎಷ್ಟೋ ಜನ ಅವರನ್ನ ಇಂಗ್ಲಿಷರು ಅಂದ್ಕೊಂಡಿದ್ದಾರೆ. ಅಲ್ಲ, ಅವರು ಜರ್ಮನ್. ಅಂದ್ರೆ ಕನ್ನಡದಷ್ಟೇ ಇಂಗ್ಲಿಷ್ ಕೂಡ ಅವರಿಗೆ ಪರಭಾಷೆ. ಈ ಒಂದು ವಿಷಯಕ್ಕೇ ಅವರ ಬದುಕು ನಮ್ಮಂಥವರು ಓದಬೇಕಾದದ್ದು ಅನ್ನಿಸುತ್ತೆ.

ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ರೆಸ್ಟರ್‌ಹಾಫೆ ಅನ್ನೋ ಊರಲ್ಲಿ. ತಂದೆ ಪಾದ್ರಿ. ಅದೇ 1832ರಲ್ಲಿ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮದ್ರಾಸಿನಲ್ಲಿ ಅಚ್ಚಾಗಿತ್ತು. ಆ ಕೆಲಸವನ್ನ ಬಹಳ ಮುಂದೆ ಒಯ್ಯೋ ಮಗು ಅದೇ ವರ್ಷ ಹುಟ್ಟಿದ್ದು ಕಾಕತಾಳೀಯ.

ಬಾಸೆಲ್ ಮಿಷನ್‌ನಲ್ಲಿ ತರಬೇತಿ ಮುಗಿಸಿ 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ 21 ವರ್ಷ. ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು! ಬಂದಿದ್ದು ಧರ್ಮಪ್ರಚಾರಕ್ಕೆ, ಮನಸ್ಸು ಸೋತಿದ್ದು ಭಾಷೆಗೆ. ಧಾರವಾಡ, ಮಂಗಳೂರು, ಮಡಿಕೇರಿ ಕಡೆ ಇದ್ದು ಹಳಗನ್ನಡ ಕಾವ್ಯ, ವ್ಯಾಕರಣ, ಛಂದಸ್ಸು ಓದಿದರು. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಎರಡನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು.

ಮನೆಯಲ್ಲಿ ಕಷ್ಟ ಕಡಿಮೆ ಇರಲಿಲ್ಲ. ಮೊದಲ ಹೆಂಡತಿ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಆಮೇಲೆ ಆಕೆಯ ತಂಗಿಯನ್ನು ಮದುವೆಯಾದರು. ಒಮ್ಮೆ ಜರ್ಮನಿಗೆ ವಾಪಸ್ ಹೋದವರು, ನಿಘಂಟು ಮುಗಿಸಬೇಕು ಅಂತ ಹೆಂಡತಿ ಮಕ್ಕಳನ್ನ ಅಲ್ಲೇ ಬಿಟ್ಟು ಮತ್ತೆ ಇಲ್ಲಿಗೆ ಬಂದರು. ಆ ಪುಸ್ತಕದ ನಿಜವಾದ ಬೆಲೆ ಅದು. ಅದನ್ನ ಅವರ ಮನೆಯವರೂ ಕೊಟ್ಟರು.

1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಹೊರಬಂತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಕಂಪ್ಯೂಟರ್ ಇಲ್ಲ, ಸರ್ಚ್ ಇಲ್ಲ. ಪದಕ್ಕೊಂದು ಅರ್ಥ ಬರೆದು ಮುಂದೆ ಹೋಗಲಿಲ್ಲ. ಕಾವ್ಯದಲ್ಲಿ ಹೇಗೆ ಬಂದಿದೆ, ಗಾದೆಯಲ್ಲಿ ಜನ ಹೇಗೆ ಬಳಸ್ತಾರೆ, ತಮಿಳು, ತೆಲುಗು, ತುಳುವಿನಲ್ಲಿ ಅದರ ಬಂಧುಗಳು ಯಾರು, ಸಂಸ್ಕೃತದಿಂದ ಬಂತೋ ಮರಾಠಿ, ಹಿಂದೂಸ್ತಾನಿಯಿಂದ ಬಂತೋ ಎಲ್ಲ ಗುರುತು ಮಾಡಿದರು. ಈಗ ನಾವು ಡೇಟಾ ಟ್ಯಾಗಿಂಗ್ ಅಂತೀವಲ್ಲ, ಅದನ್ನ ಕೈಬರಹದಲ್ಲಿ ಮಾಡಿದಂಗೆ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮುಂದೆ ಮರಿಯಪ್ಪ ಭಟ್ಟರು ಪರಿಷ್ಕರಿಸಿದ ನಿಘಂಟನ್ನು ಮದ್ರಾಸ್ ವಿಶ್ವವಿದ್ಯಾಲಯ 4 ಸಂಪುಟಗಳಲ್ಲಿ ತಂದಿತು.

ನಿಘಂಟು ಬಂದಾಗ ನಮ್ಮ ಬೀದರ್ ನಿಜಾಮರ ರಾಜ್ಯದಲ್ಲಿತ್ತು. ಇವತ್ತಿಗೂ ಇಲ್ಲಿ ನಮ್ಮ ಮಾತು ಒಂದೇ ಭಾಷೆಯದಲ್ಲ. ಬೀದರ್ ಸಿಟಿಯಲ್ಲಿ ಉರ್ದು ಬೆರೆಯುತ್ತೆ, ಭಾಲ್ಕಿ, ಔರಾದ್ ಕಡೆ ಮರಾಠಿ ಬೆರೆಯುತ್ತೆ. ದವಾಖಾನೆ, ಜಮೀನು ಅಂತೀವಿ, ಪಟ್ಟಿ ಹಿಡಿದು ಬಾಯಿಪಾಠ ಮಾಡಿದ ಪದಗಳಲ್ಲ ಅವು. ಬಳಸಿ ಬಳಸಿ ನಮ್ಮವಾದವು. ಪ್ಲೇಸ್‌ಮೆಂಟ್‌ಗೆ, ಜಿಆರ್‌ಇಗೆ ಅಂತ ದಿನಕ್ಕೆ 20 ಇಂಗ್ಲಿಷ್ ಪದ ಉರು ಹೊಡೀತೀವಿ, ವಾರದಲ್ಲಿ ಅರ್ಧ ಹಾರಿಹೋಗುತ್ತೆ. ಕಿಟೆಲ್ ದಾರಿ ಬೇರೆ: ಪದ ಎಲ್ಲಿಂದ ಬಂತು, ಅದರ ನೆಂಟರು ಯಾರು, ಜನ ಅದನ್ನ ಯಾವ ವಾಕ್ಯದಲ್ಲಿ ಆಡ್ತಾರೆ, ಇಷ್ಟು ನೋಡೋದು. 20 ಬೇಡ, ದಿನಕ್ಕೆ 5 ಪದ ಹೀಗೆ ನೋಡಿದರೂ ಉಳೀತಾವೆ.

ಹಳೇ ನಿಘಂಟು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ಮನೆಯಲ್ಲಿ ಅಜ್ಜಿ ಆಡೋ ಒಂದು ಪದ ಹುಡುಕಿ ನೋಡ್ರಿ. ಕನ್ನಡದ ಜೊತೆ ಇಂಗ್ಲಿಷೂ ಸಿಗುತ್ತೆ.